ಎರಡು ಸಲ ಬಡಿದರೆ ತಪ್ಪು

ಬೆರಳಿನ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ಬಡಿದರೆ ತಪ್ಪಾಗಿದೆ, ಮತ್ತೆ ಮಾಡು ಎಂದರ್ಥ. ಸರಿಯಾಗಿದ್ದರೆ? ಸರಿಯಾಗಿದ್ದರೆ ಅವರು ಸುಮ್ಮನಿರುತ್ತಿದ್ದರು. ಶಹಬ್ಬಾಸ್ ಎನ್ನುವ ಮಾತು ಅವರ ಕ್ಲಾಸಿನಲ್ಲಿ ಇರಲಿಲ್ಲ. ಬಡಿತ ಕೇಳಿಸಲಿಲ್ಲವೋ, ಲೆಕ್ಕ ಸರಿಯಿದೆ ಅಂತ ಮಕ್ಕಳೇ ತಿಳಿದುಕೊಂಡು ಮುಂದಿನದಕ್ಕೆ ಹೋಗಬೇಕು.

ಹೈದರಾಬಾದಿನ ಹಳೇ ಭಾಗದ ಒಂದು ಕನ್ನಡ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮು, ಅಕ್ಕಪಕ್ಕದ ಕುರ್ಚಿ. ಹೋದ ತಿಂಗಳು ಅವರಿಗೆ ಮಣ್ಣು ಕೊಟ್ಟು ಬಂದೆವು. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರಾದರೂ ಕರೆದದ್ದು ನನಗೆ ನೆನಪೇ ಇಲ್ಲ. ಮಕ್ಕಳಿಗೆ ಗಣಿತ ಟೀಚರ್, ನಮಗೆಲ್ಲ ಅಕ್ಕೋರು. ಇದನ್ನು ಬರೆಯುತ್ತಿರುವುದು ಗೊತ್ತಾಗಿದ್ದರೆ ‘ನಂದೇನ್ ಬರೀತೀರಿ, ಬ್ಯಾರೆ ಕೆಲಸ ಇಲ್ಲೇನು’ ಅಂತ ಈ ಮೇಜಿಗೂ ಎರಡು ಸಲ ಬೀಳುತ್ತಿತ್ತು.

ಅವರದು ಬೀದರ ಕಡೆಯ ಕ್ರೈಸ್ತ ಮನೆತನ, ನಾನು ಬಾಗಲಕೋಟೆ ಕಡೆಯ ಲಿಂಗಾಯತರ ಮನೆಯವಳು. ನಾನು ‘ಐತಿ’ ಅಂದರೆ ಅವರು ‘ಅದ’ ಅನ್ನುವರು. ಇಬ್ಬರದೂ ಸೇರಿ ಪುಸ್ತಕದ ಕನ್ನಡ ಅಲ್ಲ ಅಂತ ಹೆಡ್‌ಮಾಸ್ತರರು ಗೊಣಗುವರು. ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವರು. ಅವರ ಡಬ್ಬಿಯ ಶೇಂಗಾ ಹಿಂಡಿ, ಆ ಚಟ್ನಿಪುಡಿಯ ವಾಸನೆ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಅವರು ಆಮೆನ್ ಅನ್ನುವಷ್ಟರಲ್ಲಿ ನನ್ನದು ಎರಡು ತುತ್ತು ಆಗಿರುತ್ತಿತ್ತು.

“ಏನ್ರಿ ಕನ್ನಡದೋರ, ನಾ ಕಣ್ಣು ಮುಚ್ಚಿದಾಗ ದೇವರು ಕಣ್ಣು ತೆರದಿರ್ತಾನ ಅನ್ನೂದರ ನೆಪ್ಪಿಡ್ರಿ.”

“ನೋಡ್ಲಿ ಬಿಡ್ರಿ ಅಕ್ಕೋರ. ಅವನಿಗೂ ಹಸಿವು ಅಂದ್ರೇನಂತ ಗೊತ್ತಾಗ್ಲಿ.”

ನನಗೆ ದೇವರ ಮೇಲೆ ಅಂಥ ಭರವಸೆ ಮೊದಲಿಂದಲೂ ಇಲ್ಲ. ಪೂಜೆ ಮಾಡುತ್ತೇನೆ, ಹಬ್ಬ ಮಾಡುತ್ತೇನೆ. ಮನೆಯಲ್ಲಿ ಇಟ್ಟ ವಿಭೂತಿಗೆ ಅವಮಾನ ಮಾಡುವುದಿಲ್ಲ. ಅಷ್ಟೇ. ಇದು ಅವರಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನನಗೆ ಉಪದೇಶ ಮಾಡಲಿಲ್ಲ. ನಾನು ಚುಚ್ಚಿದರೆ ಮಾತ್ರ ಉತ್ತರ ಕೊಡುತ್ತಿದ್ದರು, ಅದೂ ಚಿಕ್ಕದಾಗಿ.

ಚೌಕಾಸಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಕುಣಿತದ ಬಟ್ಟೆ ತರಲು ನಾವಿಬ್ಬರೇ ಸುಲ್ತಾನ್ ಬಜಾರಿಗೆ ಹೋಗುವುದು. ಮಾತು ಹಿಂದಿಯಲ್ಲಿ ಶುರುವಾಗಿ, ಬಿಸಿಯೇರಿದಂತೆ ತೆಲುಗಿಗೆ ಹೋಗಿ, ಕೊನೆಗೆ “ಇರ್ಲಿ ಬಿಡಪ್ಪಾ, ದೇವರು ನಿನಗ ಚಲೋದು ಮಾಡ್ಲಿ” ಅಂತ ಅಚ್ಚ ಕನ್ನಡದಲ್ಲಿ ಮುಗಿಯುತ್ತಿತ್ತು. ಹಾಗಂದು ಹೊರಟೇ ಬಿಡುವರು. ಕನ್ನಡದ ಗಂಧವಿಲ್ಲದ ಅಂಗಡಿಯವನು, ಇವರೇನೋ ಶಾಪ ಹಾಕಿದರು ಅಂದುಕೊಂಡು ಹಿಂದೆಯೇ ಓಡಿ ಬರುತ್ತಿದ್ದ.

ಆದರೆ ಅವರನ್ನು ಬಲ್ಲವರು ಮೊದಲು ಹೇಳುವುದು ಇದನ್ನಲ್ಲ, ಅವರ ದನಿಯನ್ನು. ಇಂಪು ಅನ್ನಲಾರೆ. ಗಟ್ಟಿ ದನಿ, ನೆಟ್ಟಗೆ ಬರುವ ದನಿ. ಬೆಳಗಿನ ಪ್ರಾರ್ಥನೆಗೆ ಮೈಕು ಕೆಟ್ಟ ದಿನ ನಮಗೆ ಚಿಂತೆಯೇ ಇರಲಿಲ್ಲ. ಅವರು ಮೆಟ್ಟಿಲ ಮೇಲೆ ನಿಂತು ಎತ್ತಿಕೊಂಡರೆ ಮೂರನೇ ಮಹಡಿಯಲ್ಲಿ ಕಸ ಗುಡಿಸುವವಳೂ ಪೊರಕೆ ಕೆಳಗಿಟ್ಟು ನಿಲ್ಲುತ್ತಿದ್ದಳು. ಭಾನುವಾರ ಚರ್ಚಿನ ಅವರ ಕನ್ನಡ ಸಭೆಯಲ್ಲಿಯೂ ಇದೇ ಕೆಲಸ. ಅವರ ಕಡೆ ಹಾಡಿನ ಮೊದಲ ಸಾಲನ್ನು ಒಬ್ಬರು ಎತ್ತಿಕೊಡಬೇಕು, ಉಳಿದವರು ಹಿಂದಿನಿಂದ ಸೇರಬೇಕು. ಮೂವತ್ತು ವರ್ಷ ಆ ಸಾಲನ್ನು ಎತ್ತಿಕೊಟ್ಟವರು ಅಕ್ಕೋರು. ಮದುವೆ ಆಗಲಿಲ್ಲ. ಮೆಹದಿಪಟ್ಟಣದ ಎರಡು ಕೋಣೆಯ ಮನೆಯಲ್ಲಿ ವಿಧವೆ ತಂಗಿಯ ಜೊತೆ ಇದ್ದರು. “ನನಗ ದೇವರು ಕೊಟ್ಟದ್ದು ಒಂದ ಆಸ್ತಿ ನೋಡ್ರಿ, ಈ ಗಂಟಲು” ಅನ್ನುತ್ತಿದ್ದರು.

ಆ ಗಂಟಲೇ ಕೆಟ್ಟಿತು.

ಮೊದಲು ದನಿ ಒಡೆಯಿತು. ಚಾಕ್‌ಪೀಸಿನ ಧೂಳು ಅಂದೆವು. ಜೇಷ್ಠಮಧು ಬಾಯಲ್ಲಿಟ್ಟುಕೊಂಡರು, ಅರಿಶಿನದ ಹಾಲು ಕುಡಿದರು. ನಾಲ್ಕು ತಿಂಗಳಾದರೂ ಹೋಗಲಿಲ್ಲ. ಒಂದು ದಿನ ಪ್ರಾರ್ಥನೆಯ ನಡುವೆ ದನಿ ಪೂರ್ತಿ ನಿಂತುಹೋಗಿ ಮಕ್ಕಳೆಲ್ಲ ತಿರುಗಿ ನೋಡಿದರು. ಅವತ್ತು ನಾನು ಜಬರದಸ್ತಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಾರದ ಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದರು: ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ.

ಹೊರಗೆ ಬಂದು ಆಟೋ ಹತ್ತಿದ ಮೇಲೆ ಅವರು ಆಡಿದ್ದು ಒಂದೇ ಮಾತು. “ಹಾಡು ಯಾರ ಎತ್ತಿಕೊಡ್ತಾರ್ರಿ ಇನ್ಮ್ಯಾಲ?” ನನಗೆ ಅಳು ಬಂತು. ಅಳುವುದು ನನಗೆ ಆಗದ ಕೆಲಸವಾದ್ದರಿಂದ ಆಟೋದವನ ಮೇಲೆ ರೇಗಿದೆ.

ಅಷ್ಟರಲ್ಲಿ ಇನ್ನೊಂದು ತೊಡಕು ಬಂತು. ಅವರ ತಂಗಿ ಮಿಯಾಪುರದಲ್ಲಿ ಯಾರದೋ ಅಪಾರ್ಟ್‌ಮೆಂಟಿನಲ್ಲಿ ನಡೆಯುತ್ತಿದ್ದ ಪ್ರಾರ್ಥನಾ ಕೂಟಕ್ಕೆ ಅಕ್ಕನನ್ನು ಕರೆದೊಯ್ದಳು. ಅದು ಇವರ ಸಭೆಯದಲ್ಲ. ಎಲ್ಲಿಂದಲೋ ಬಂದ, ಉಪದೇಶ ಮಾಡುವ ಪ್ರಸಂಗಿಯೊಬ್ಬ ತಲೆಯ ಮೇಲೆ ಕೈಯಿಟ್ಟು, ಮೂರು ಶುಕ್ರವಾರ ಉಪವಾಸ ಮಾಡು, ವಿಶ್ವಾಸವಿದ್ದರೆ ಕತ್ತಿ ತಾಗಿಸುವ ಪ್ರಸಂಗವೇ ಬರುವುದಿಲ್ಲ ಎಂದನಂತೆ. ಅಕ್ಕೋರು ಆಪರೇಷನ್ ದಿನವನ್ನು ಮುಂದೆ ಹಾಕಿಸಿದರು. ನನಗೆ ಮೈಯೆಲ್ಲ ಉರಿಯಿತು.

“ಅಕ್ಕೋರ, ಮಕ್ಕಳಿಗೆ ಲೆಕ್ಕಾ ಹೇಳಿಕೊಡೋರು ನೀವು. ಮೂರು ಶುಕ್ರವಾರದಾಗ ಆ ಗಡ್ಡಿ ಎಷ್ಟು ಬೆಳೀತೈತಿ, ಆ ಲೆಕ್ಕಾ ಮಾಡೀರೇನು?”

“ತಂಗಿ ಭಾಳ ಅಳಲಾಕತ್ತಾಳ್ರಿ. ಆಕಿ ಸಲುವಾಗಿ ಮೂರು ವಾರ. ಆಮ್ಯಾಲ ನೀವು ಹೇಳಿದಂಗ.”

“ಆಕಿ ಸಲುವಾಗಿ ಅಷ್ಟೇನು? ನಿಮಗೇನೂ ಆಶಾ ಇಲ್ಲ?”

ಗಂಟಲಿನ ಮೇಲೆ ಕೈಯಿಟ್ಟುಕೊಂಡರು. “ಅದ. ಯಾಕ ಸುಳ್ಳು ಹೇಳ್ಲಿ? ನನ್ನ ದನಿ ನನಗ ಬೇಕ್ರಿ.”

ಮೂರು ಶುಕ್ರವಾರ ನೀರು ಮಾತ್ರ ಕುಡಿದು ಕ್ಲಾಸು ತೆಗೆದುಕೊಂಡರು. ಮೂರನೆಯ ವಾರ ಕಳೆದ ಮೇಲೆ ದನಿ ಬರೀ ಪಿಸುಮಾತಾಗಿತ್ತು. ಸೋಮವಾರ ಸ್ಟಾಫ್ ರೂಮಿನಲ್ಲಿ ನನ್ನ ಕಡೆ ಬಾಗಿ, ಡಾಕ್ಟರ ಕಡೆ ಹೋಗೋಣ ಅಂದರು. ಪ್ರಸಂಗಿ ಏನಂದ ಅಂತ ಕೇಳಿದೆ.

“ವಿಶ್ವಾಸ ಕಡಿಮಿ ಬಿತ್ತು ಅಂದ.” ಉಸಿರು ತೆಗೆದುಕೊಳ್ಳಲು ನಿಂತರು. “ಎರಡು ದಿನ ಅದನ್ನ ಯೋಚನಾ ಮಾಡ್ದೆ. ಶಿಲುಬಿಗೆ ಏರಿಸೂ ಹಿಂದಿನ ರಾತ್ರಿ ತೋಟದಾಗ ಯೇಸುಸ್ವಾಮಿ ಬೆವರು ಸುರಿಸಿ ಕೇಳ್ಕೊಂಡ, ಈ ಸಂಕಟ ತಪ್ಪಿಸು ಅಂತ. ತಂದಿ ತಪ್ಪಿಸಲಿಲ್ಲ. ಮಗಂದು ವಿಶ್ವಾಸ ಕಡಿಮಿ ಇತ್ತೇನ್ರಿ? ಅಂವಗ ಇಲ್ಲ ಅಂದಮ್ಯಾಲ ನಾ ಯಾವೂರ ದೊಡ್ಡಾಕಿ?”

ಅವರ ಬಾಯಿಂದ ನಾನು ಕೇಳಿದ ಕೊನೆಯ ಉದ್ದನೆಯ ಮಾತು ಅದು.

ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಶಾಲೆಗೆ ಬಂದರು. ಒಂಬತ್ತನೇ ಕ್ಲಾಸಿಗೆ ಲೆಕ್ಕ ಕಲಿಸಲಿಲ್ಲ. ಹಾಜರಿ ತೆಗೆದುಕೊಂಡರು. ದಿನಾಲೂ ನಂಬರು ಕೂಗಿ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದ ಹಾಜರಿಯನ್ನು ಅವತ್ತು ಹೆಸರು ಹಿಡಿದು ತೆಗೆದುಕೊಂಡರು. ಮನೆತನದ ಅಡ್ಡಹೆಸರು, ತಂದೆಯ ಹೆಸರು ಎಲ್ಲ ಸೇರಿಸಿ, ಒಬ್ಬೊಬ್ಬರನ್ನೂ ನೋಡಿ, ಹರಿದ ದನಿಯಲ್ಲಿ ಕರೆದರು. ಮಕ್ಕಳು ಎದ್ದು ನಿಂತು ‘ಹಾಜರ್ ಟೀಚರ್’ ಅಂದವು. ನಾನು ಪಕ್ಕದ ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಗೋಡೆಗೆ ಒರಗಿ ಕೇಳುತ್ತಿದ್ದೆ. ಮೂವತ್ತೊಂದು ಹೆಸರು. ಆಮೇಲೆ ರಿಜಿಸ್ಟರು ಮುಚ್ಚಿದ ಸದ್ದು.

ಆಪರೇಷನ್ ಚೆನ್ನಾಗಿ ಆಯಿತು. ಕತ್ತಿನ ಕೆಳಗೆ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಮಾತಿಗೆ ಬದಲು ಗಂಟಲಿಗೆ ಒತ್ತಿ ಹಿಡಿಯುವ ಒಂದು ಯಂತ್ರ ಕೊಟ್ಟರು. ಅದರಿಂದ ಬರುತ್ತಿದ್ದ ಗರಗರ ಸದ್ದಿಗೆ ಪಕ್ಕದ ಮನೆಯ ಕೂಸು ಹೆದರಿ ಕಿರುಚಿತು. ವಾರಕ್ಕೇ ಅದನ್ನು ಡಬ್ಬಿಯಲ್ಲಿಟ್ಟು ಬಿಟ್ಟರು. ತಂಗಿ ಮೆಹದಿಪಟ್ಟಣದ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಒಂದು ಪಾಟಿ ತಂದುಕೊಟ್ಟಳು. ಒಂದನೇ ಇಯತ್ತೆಯ ಮಕ್ಕಳು ಬಳಪದಿಂದ ಬರೆಯುವ ಪಾಟಿ, ಕಟ್ಟಿಗೆಯ ಚೌಕಟ್ಟಿನದು. ನೋಟ್‌ಬುಕ್ಕು ಇಟ್ಟುಕೊಳ್ಳಬಹುದಿತ್ತಲ್ಲ ಅಂದೆ. ಬರೆದು ತೋರಿಸಿದರು: ‘ಕಾಗದದಾಗ ಬರದ್ರ ಉಳೀತದ. ಮಾತು ಆಡಿದಮ್ಯಾಲ ಹೋಗಬೇಕು.’ ನಾನು ಓದಿದ್ದೇ ತಡ, ಸೆರಗಿನಿಂದ ಒರೆಸಿದರು.

ಆ ಮೊದಲ ದಿನಗಳನ್ನು ಸುಳ್ಳು ಮಾಡಿ ಬರೆಯಲಾರೆ. ಅವರು ಮುರಿದುಹೋಗಿದ್ದರು. ಬೈಬಲ್ಲಿನ ಮೇಲೆ ಧೂಳು ಕೂತಿತ್ತು. ಸಭೆಯ ಪಾಸ್ಟರ್ ಬಂದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಪಾಪ, ಆ ಮುದುಕ ಪಾಸ್ಟರ್ ಒಳ್ಳೆಯವರು. ಏನೂ ಹೇಳದೆ ಅರ್ಧ ಗಂಟೆ ಕೂತು, ಚಹಾ ಕುಡಿದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಹೋದಾಗ ಪಾಟಿಯ ಮೇಲೆ ದೊಡ್ಡದಾಗಿ ಬರೆದು ಹಿಡಿದರು: ‘ಜಗಳಾ ಆಗ್ಯದ.’

“ಯಾರ ಜೋಡಿ? ತಂಗಿ ಜೋಡೀನ?”

ಅಲ್ಲ ಅಂತ ತಲೆಯಾಡಿಸಿ ಬೆರಳನ್ನು ಮೇಲೆ ಮಾಡಿ ತೋರಿಸಿದರು. ನಿಜ ಹೇಳಬೇಕೆಂದರೆ ಒಳಗೊಳಗೆ ನನಗೆ ಸ್ವಲ್ಪ ಸಮಾಧಾನವೇ ಆಯಿತು. ಇನ್ನಾದರೂ ನನ್ನ ದಾರಿಗೆ ಬಂದರು ಅಂದುಕೊಂಡೆ. “ಬಿಡ್ರಿ ಅಕ್ಕೋರ, ಇಲ್ಲದಾಂವನ ಜೋಡಿ ಯಾತರ ಜಗಳ?” ಅಂದೆ. ಅವರು ಬಳಪ ತೆಗೆದುಕೊಂಡು ನಿಧಾನವಾಗಿ ಬರೆದರು. ‘ಇಲ್ಲದಾಂವನ ಮ್ಯಾಲ ಇಷ್ಟು ಸಿಟ್ಟು ಬರಂಗಿಲ್ಲ, ತಂಗಿ.’

ಇಷ್ಟು ವರ್ಷ ‘ಕನ್ನಡದೋರ’ ಅಂದವರು ಅವತ್ತು ಮೊದಲ ಸಲ ನನ್ನನ್ನು ತಂಗಿ ಅಂದರು.

ನಾನೂ ಒಂದು ಹುಚ್ಚು ಕೆಲಸ ಮಾಡಿದ್ದೆ. ದೇವರ ಮೇಲೆ ಭರವಸೆ ಇಲ್ಲ ಅಂದವಳು ನಮ್ಮೂರಿನ ದೇವಿಗೆ ಹರಕೆ ಹೊತ್ತಿದ್ದೆ: ಅಕ್ಕೋರ ದನಿ ಬಂದರೆ ಬೆಳ್ಳಿಯ ನಾಲಿಗೆ ಮಾಡಿಸಿ ಕೊಡುತ್ತೇನೆ ಅಂತ. ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ದನಿ ಎಲ್ಲಿಂದ ಬರಬೇಕು? ಆದರೂ ಹೊತ್ತಿದ್ದೆ. ಅವರಿಗೆ ಹೇಳಿದಾಗ ಭುಜ ಕುಣಿಸಿ ನಕ್ಕರು, ಸದ್ದಿಲ್ಲದೆ. ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಪಾಟಿಯ ಮೇಲೆ ಬರೆದರು: ‘ಸುಲ್ತಾನ್ ಬಜಾರ್ ಬುದ್ಧಿ ದೇವರ ಕಡೆ ಒಯ್ಯಬ್ಯಾಡ್ರಿ. ಅಲ್ಲಿ ಚೌಕಾಸಿ ನಡಿಯಂಗಿಲ್ಲ. ನಾನೂ ಮೂರು ಶುಕ್ರವಾರ ಮಾಡಿ ನೋಡೀನಿ.’

ಆ ಸಿಟ್ಟು ಯಾವಾಗ ಇಳಿಯಿತು, ಹೇಗೆ ಇಳಿಯಿತು, ನನಗೆ ಪೂರ್ತಿ ಗೊತ್ತಿಲ್ಲ. ಅವರು ಹೇಳಿದ್ದು ಇಷ್ಟು. ತಂಗಿಯ ಕಾಟ ತಾಳಲಾರದೆ ಒಂದು ಭಾನುವಾರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರಂತೆ. ಹಾಡು ಎತ್ತಿಕೊಡುವ ಹೊತ್ತಿಗೆ ಪಾಸ್ಟರ್ ರೂಢಿಯಂತೆ ಮುಂದಿನ ಸಾಲಿನ ಇವರ ಜಾಗ ನೋಡಿ ನಿಂತುಬಿಟ್ಟರಂತೆ. ಯಾರೂ ಎತ್ತಿಕೊಳ್ಳಲಿಲ್ಲ. ಕೊನೆಗೆ ತರಕಾರಿ ಮಾರುವ ಮುದುಕಿಯೊಬ್ಬಳು ತಪ್ಪು ಶ್ರುತಿಯಲ್ಲಿ ಶುರು ಮಾಡಿದಳು. ಗಂಡಸರ ದನಿ ನೆಲ ಹಿಡಿಯಿತು, ಹೆಂಗಸರದು ಎಲ್ಲೋ ಹೋಯಿತು. ಹಾಗೇ ಎಲ್ಲರೂ ಹಾಡಿದರು. ‘ಮೂವತ್ತು ವರ್ಷ ನನ್ನ ದನಿ ಅಷ್ಟ ಕೇಳೀನಿ’ ಅಂತ ಬರೆದು, ಒರೆಸಿ, ಮತ್ತೆ ಬರೆದರು: ‘ಇವರೆಲ್ಲಾ ಹಾಡ್ತಾರ ಅಂತ ಅವತ್ತ ಗೊತ್ತಾತು. ನನ್ನ ಸಲುವಾಗಿ ಅವರ ಹಾಡ್ಲಾಕತ್ತಿದ್ರು. ಸುಮ್ನ ಕೂತು ಅತ್ತೆ.’

ಮರುವಾರ ಬೈಬಲ್ಲಿನ ಧೂಳು ಹೋಗಿತ್ತು.

ಶಾಲೆಗೆ ವಾಪಸ್ ಬರುವುದು ಸುಲಭವಾಗಲಿಲ್ಲ. ದನಿಯಿಲ್ಲದ ಟೀಚರ್ ಏನು ಕಲಿಸುತ್ತಾರೆ ಅನ್ನುವುದು ಆಡಳಿತದವರ ಪ್ರಶ್ನೆ, ತಪ್ಪು ಅನ್ನಲಾಗದು. ಒಂದು ತಿಂಗಳು ನೋಡಿ ಅಂದೆವು. ಅವರು ಬೋರ್ಡಿನ ಮೇಲೆ ಲೆಕ್ಕದ ಒಂದೊಂದು ಹಂತ ಬರೆಯುವರು, ಮಕ್ಕಳು ಅದನ್ನು ಗಟ್ಟಿಯಾಗಿ ಓದುವರು. ತಪ್ಪು ಓದಿದರೆ ಮೇಜಿನ ಮೇಲೆ ಎರಡು ಬಡಿತ. ‘ಉತ್ತರ ಬರಲಿಲ್ಲ ಅಂತ ಲೆಕ್ಕ ಬಿಟ್ಟು ಏಳಬಾರದು’ ಎಂಬ ಅವರ ಹಳೆಯ ಮಾತು ಈಗ ಬೋರ್ಡಿನ ಮೂಲೆಯಲ್ಲಿ ಕಾಯಮ್ಮಾಗಿ ಕೂತಿತು. ಆ ವರ್ಷ ಇಡೀ ಶಾಲೆಯಲ್ಲಿ ಅತ್ಯಂತ ಶಾಂತವಾದ ಕ್ಲಾಸು ಅವರದೇ. ನನ್ನ ಕ್ಲಾಸಿನ ಗದ್ದಲ ಅಲ್ಲಿಗೆ ಕೇಳಿಸಿ ನನಗೆ ನಾಚಿಕೆಯಾಗುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಒಂದು ಶನಿವಾರ ಪಾಟಿ ಮುಂದೆ ಹಿಡಿದರು: ‘ನಾಳಿ ಸಭೆಗೆ ಬರ್ರಿ. ಓದೂದು ಅದ.’

ಅವರ ಸಭೆಯಲ್ಲಿ ವರ್ಷಕ್ಕೊಮ್ಮೆ ಕೃತಜ್ಞತೆಯ ಆರಾಧನೆ. ಅವತ್ತು ಜನ ಒಬ್ಬೊಬ್ಬರಾಗಿ ಎದ್ದು, ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುತ್ತಾರೆ. ಅದಕ್ಕೆ ಸಾಕ್ಷಿ ಹೇಳುವುದು ಅನ್ನುತ್ತಾರೆ. ಒಬ್ಬೊಬ್ಬರು ಮುಗಿಸಿದ ಹಾಗೆ ಉಳಿದವರು ‘ಸ್ತೋತ್ರ’ ಅನ್ನಬೇಕು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬೇರೆ ಹೆಂಗಸರನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಬೀಗರ ಮನೆಗೆ ಮೊದಲ ಸಲ ಹೋದವಳ ಹಾಗೆ ಕೂತೆ. ಒಬ್ಬರ ಸಕ್ಕರೆ ಕಾಯಿಲೆ ಇಳಿದಿತ್ತು. ಒಬ್ಬರ ಮಗಳಿಗೆ ಹೆರಿಗೆ ಸುಸೂತ್ರ ಆಗಿತ್ತು. ಒಬ್ಬನಿಗೆ ಕಾಯಮ್ಮಾದ ನೌಕರಿ ಸಿಕ್ಕಿತ್ತು. ಸ್ತೋತ್ರ, ಸ್ತೋತ್ರ. ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಗುಸುಗುಸು ಮಾತಾಡುತ್ತಿದ್ದರು. ಆ ಪ್ರಸಂಗಿಯ ಮಾತು ಇಲ್ಲಿಗೂ ಬಂದಿತ್ತು: ಗಣಿತ ಟೀಚರಿಗೆ ವಿಶ್ವಾಸ ಸಾಲಲಿಲ್ಲ, ಅದಕ್ಕೇ ಗಂಟಲು ಹೋಯಿತು. ನನಗೆ ಕೇಳಿಸಿದ್ದು ಅಕ್ಕೋರಿಗೂ ಕೇಳಿಸಿತ್ತು. ಅವರು ತಿರುಗಿ ನೋಡಲಿಲ್ಲ.

ಅವರು ಎದ್ದರು. ನನ್ನನ್ನೂ ಎಬ್ಬಿಸಿ ಪಾಟಿಯನ್ನು ಕೈಗೆ ಕೊಟ್ಟರು.

ಪಾಟಿಯ ಮೇಲೆ ಮೊದಲ ಸಾಲು: ‘ನಾ ಚಲೋ ಆಗಿಲ್ಲ. ನನ್ನ ದನಿ ಇನ್ನ ಬರಂಗಿಲ್ಲ.’

ಮನಸ್ಸಿನಲ್ಲೇ ಓದಿಕೊಂಡೆ. ಇಷ್ಟು ಜನರ ಮುಂದೆ, ಸಕ್ಕರೆ ಇಳಿದವರ ಮುಂದೆ, ಹಿಂದೆ ಕೂತ ಆ ಇಬ್ಬರ ಮುಂದೆ ನಾನು ಇದನ್ನು ಹೇಗೆ ಓದಲಿ? ಅವರ ಸೋಲನ್ನು ನನ್ನ ಬಾಯಿಂದ ಸಾರಿದ ಹಾಗಾಗುತ್ತದೆ. ಕನ್ನಡ ಕಲಿಸುವವಳಿಗೆ ಒಂದು ಸಾಲು ಕಟ್ಟುವುದು ಎಷ್ಟರ ಮಾತು? ಗಟ್ಟಿಯಾಗಿ ಓದಿದೆ: “ದೇವರು ದೊಡ್ಡಾಂವ. ಇವತ್ತಲ್ಲ ನಾಳೆ ನನ್ನ ದನಿ ತಿರುಗಿ ಕೊಡ್ತಾನ ಅಂತ ನನಗ ಭರೋಸಾ ಐತಿ.”

ಮುಂದಿನ ಬೆಂಚಿನ ಮೇಲೆ ಠಕ್ ಠಕ್ ಅಂತ ಎರಡು ಸಲ ಸದ್ದಾಯಿತು.

ಸಭೆಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಏಳೆಂಟು ಜನ ಇದ್ದಿರಬೇಕು. ಆ ಸದ್ದಿಗೆ ಅವರೆಲ್ಲ ನೆಟ್ಟಗೆ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕೋರು ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ತಪ್ಪು ಮಾಡಿದ ಹುಡುಗಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ನಾನು ಮತ್ತೆ ಓದಿದೆ, ಇದ್ದದ್ದನ್ನು ಇದ್ದ ಹಾಗೆ.

“ನಾ ಚಲೋ ಆಗಿಲ್ಲ. ನನ್ನ ದನಿ ಇನ್ನ ಬರಂಗಿಲ್ಲ. ದನಿ ಹೋತು. ಸಿಟ್ಟು ಇತ್ತು, ಅದೂ ಹೋತು. ಅಂವ ಹೋಗಲಿಲ್ಲ. ಇದ ನನ್ನ ಸಾಕ್ಷಿ.”

ಬಡಿತ ಬರಲಿಲ್ಲ. ಸ್ತೋತ್ರ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಬರಲಿಲ್ಲ, ಆಗಲಿಲ್ಲ ಅನ್ನುವ ಸಾಕ್ಷಿಯನ್ನು ಆ ಜನ ಹಿಂದೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಆ ತರಕಾರಿ ಮುದುಕಿ ಮೂಗೊರೆಸಿಕೊಂಡು “ಸ್ತೋತ್ರ” ಅಂದಳು. ಹಿಂದಿನ ಸಾಲಿನಿಂದಲೂ ಬಂತು. ನಾನೂ ಅಂದೆನೇನೋ, ನೆನಪಿಲ್ಲ. ಅವರು ಗೆದ್ದಿದ್ದರು ಅನ್ನುವುದು ಮಾತ್ರ ನನಗೆ ಅವತ್ತು ಅರ್ಥವಾಯಿತು. ಕಳೆದದ್ದನ್ನು ವಾಪಸ್ ಪಡೆದು ಗೆದ್ದವರನ್ನು ನಾನು ನೋಡಿದ್ದೆ. ವಾಪಸ್ ಬರುವುದಿಲ್ಲ ಅಂತ ಹೇಳಿ ಗೆದ್ದವರನ್ನು ನೋಡಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ವಾರಕ್ಕೆ ಎರಡು ದಿನ ಪಾಟಿ ಹಿಡಿದುಕೊಂಡು ಆಸ್ಪತ್ರೆಯ ವಾರ್ಡಿಗೆ ಹೋಗುತ್ತಿದ್ದರು. ಗಂಟಲು ತೆಗೆಸಿಕೊಂಡವರ ಪಕ್ಕ ಕೂತುಕೊಳ್ಳುವುದು, ಅಷ್ಟೇ. ಒಮ್ಮೆ ನಾನೂ ಜೊತೆಗಿದ್ದೆ. ಚಾರ್‌ಮಿನಾರ್ ಕಡೆಯ ಒಬ್ಬ ಮುದುಕರು, ನಲವತ್ತು ವರ್ಷ ಹಣ್ಣಿನ ಬಂಡಿ ನೂಕಿ ಓಣಿ ಓಣಿಯಲ್ಲಿ ಕೂಗಿದವರು, ಮೂರು ದಿನದಿಂದ ಮುಖಕ್ಕೆ ಚಾದರ ಎಳೆದುಕೊಂಡು ಮಲಗಿದ್ದರು. ಅವರಿಗೆ ಕನ್ನಡ ಬಾರದು, ಇವರಿಗೆ ಉರ್ದು ಬರೆಯಲು ಬಾರದು. ಅಕ್ಕೋರು ತಮ್ಮ ಕತ್ತಿನ ಬಟ್ಟೆಯನ್ನು ಸರಿಸಿ ತೂತನ್ನು ತೋರಿಸಿದರು. ಆಮೇಲೆ ಪಾಟಿಯ ಮೇಲೆ ಒಂದು ಬಾಳೆಗೊನೆಯ ಚಿತ್ರ ಬರೆದು, ಎಷ್ಟಕ್ಕೆ ಡಜನ್ ಅಂತ ಕೈಸನ್ನೆಯಲ್ಲಿ ಕೇಳಿದರು. ಮುದುಕರು ಬೆರಳೆತ್ತಿ ದರ ತೋರಿಸಿದರು. ಅಕ್ಕೋರು ಮುಖ ಸಿಂಡರಿಸಿ ಅವರ ಅರ್ಧದಷ್ಟು ಬೆರಳು ಮಡಚಿದರು. ಸದ್ದಿಲ್ಲದೆ ಐದು ನಿಮಿಷ ಚೌಕಾಸಿ ನಡೆಯಿತು. ಕೊನೆಗೆ ಅಕ್ಕೋರು ಕೈ ಮುಗಿದು ಎದ್ದು ಹೊರಟರೆ, ಮುದುಕರು ಹಾಸಿಗೆಯಿಂದ ಅರ್ಧ ಎದ್ದು ಬಾ ಬಾ ಅಂತ ಕೈ ಬೀಸಿ ಕರೆದರು. ಆ ಮುದುಕರ ಮಗಳು ಬಾಗಿಲಲ್ಲಿ ನಿಂತು ಬಾಯಿಗೆ ಓಢಣಿ ಒತ್ತಿಕೊಂಡಳು.

ಐದು ವರ್ಷ ಹೀಗೆ ಕಳೆಯಿತು. ಈ ವರ್ಷ ಕಾಯಿಲೆ ಎದೆಗೆ ಬಂತು. ಇನ್ನು ಮಾಡುವುದೇನೂ ಇಲ್ಲ ಅಂದರು. ನಾನು ಈಗ ಮಗಳ ಜೊತೆ ಮಿಯಾಪುರದಲ್ಲಿದ್ದೇನೆ. ಎರಡು ದಿನಕ್ಕೊಮ್ಮೆ ಮೆಟ್ರೋ ಹಿಡಿದು, ಇಳಿದು, ಆಟೋ ಮಾಡಿಕೊಂಡು ಹೋಗುತ್ತಿದ್ದೆ. ನೋವು ಬಹಳ ಇತ್ತು. ಸುಳ್ಳು ಹೇಳುವವರಲ್ಲ, ‘ನೋವು ಭಾಳ ಅದ’ ಅಂತಲೇ ಬರೆಯುವರು. ಒಂದು ದಿನ ತಡೆಯಲಾರದೆ ಕೇಳಿದೆ, “ಇಷ್ಟಾದ ಮ್ಯಾಲೂ ಅಂವ ಅದಾನ ಅಂತೀರೇನ್ರಿ ಅಕ್ಕೋರ?” ಬರೆಯಲು ಕೈಯಲ್ಲಿ ತ್ರಾಣ ಇರಲಿಲ್ಲ. ನನ್ನ ಕೈ ಹಿಡಿದು ತಮ್ಮ ಪಕ್ಕದ ಕುರ್ಚಿ ತೋರಿಸಿದರು. ಯಾವಾಗಲೂ ನಾನು ಕೂರುವ ಕುರ್ಚಿ ಅದು. ಅಲ್ಲಿ ಯಾರಿದ್ದಾರೆ ಅಂತ ಹೇಳಿದರೋ, ಕೂತುಕೋ ಅಂತ ಹೇಳಿದರೋ ನನಗೆ ತಿಳಿಯಲಿಲ್ಲ. ಕೂತೆ.

ಮಣ್ಣಿಗೆ ಮುಂಚೆ ಸಭೆಯಲ್ಲಿ ಆರಾಧನೆ. ಪಾಸ್ಟರ್ ಈಗ ಪೂರ್ತಿ ಹಣ್ಣಾಗಿದ್ದಾರೆ. ಕೂತೇ ಪ್ರಾರ್ಥನೆ ಮಾಡಿದರು. ಹಾಡನ್ನು ಜನರೇ ಎತ್ತಿಕೊಂಡರು, ಶ್ರುತಿ ಎಂದಿನಂತೆ ಅಷ್ಟಕ್ಕಷ್ಟೆ. ನಾನು ಹಿಂದೆ ಕೂತಿದ್ದೆ. ಅವರ ತಂಗಿ ಎದ್ದು ಬಂದು, ದಾರದಿಂದ ಕಟ್ಟಿದ ಒಂದು ಪೇಪರಿನ ಗಂಟನ್ನು ನನ್ನ ಮಡಿಲಲ್ಲಿಟ್ಟಳು. “ಹೋದ ವಾರನ ಬರದಿಟ್ಟಾಳ್ರಿ. ಯಾರೂ ಬಿಚ್ಚಬಾರದು, ನೀವ ಓದಬೇಕು ಅಂದಾಳ.”

ಬಿಚ್ಚಿದೆ. ಪಾಟಿ. ಬರೆದು ಒರೆಸದೇ ಬಿಟ್ಟದ್ದು ಅದೊಂದೇ. ಅಕ್ಷರ ಸೊಟ್ಟಗಿದ್ದವು, ಒಂದೊಂದು ಸಾಲು ಬರೆಯಲು ಎಷ್ಟು ಹೊತ್ತು ಹಿಡಿದಿತ್ತೋ. ಮೇಲಿನ ಮೂಲೆಯಲ್ಲಿ ಸಣ್ಣದಾಗಿ, ನನಗೆ ಮಾತ್ರ: ‘ತಂಗಿ, ಈ ಸಾರಿ ಇದ್ದದ್ದ ಇದ್ದಂಗ ಓದ್ರಿ.’

ಮುಂದೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತೆ. ನಾನು ನಂಬದ ಮಾತು ಅದು. ಇವತ್ತಿಗೂ ನಂಬುತ್ತೇನೋ ಇಲ್ಲವೋ ಹೇಳಲಾರೆ. ಒಂದು ಸಾಲು ಬದಲಿಸಿದರೆ ಈಗ ಕೇಳುವವರು ಯಾರೂ ಇರಲಿಲ್ಲ. ಬದಲಿಸಲಿಲ್ಲ.

“ನಾ ಈಗ ಚಲೋ ಆಗೀನಿ. ಹಾಡ್ಲಾಕತ್ತೀನಿ.”

ಓದಿ ಮುಗಿಸಿ, ರೂಢಿಯಂತೆ, ಎರಡು ಬಡಿತಕ್ಕೆ ಕಾದು ನಿಂತೆ.

ಬಡಿತ ಕೇಳಿಸಲಿಲ್ಲ. ಪಾಟಿಯನ್ನು ಎದೆಗೆ ಒತ್ತಿಕೊಂಡು ಬಂದು ನನ್ನ ಜಾಗದಲ್ಲಿ ಕೂತೆ.